ತಂತಿ ಸಿಕ್ಕಿಸಿದರೆ ವೈಫೈಯೂ ನಿಲ್ಲುತ್ತದೆ: ಡೆಬಿಯನ್ 12ರಲ್ಲಿ ತೊಂದರೆಯನ್ನು ಎಲ್ಲಿಂದ ಹುಡುಕಲಿ?

ಡೊಂಬಿವಲಿ ವಾಸಿ ಕೇಳಿದ್ದು:

ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ಎರಡು ವರ್ಷಗಳಿಂದ ಡೆಬಿಯನ್ 12 ಎಂಬ ಲಿನಕ್ಸ್ ಬಳಸುತ್ತಿದ್ದೇನೆ. ಲಿನಕ್ಸ್ ನನಗೆ ಹೊಸದಲ್ಲ, ಆದರೆ ನೆಟ್‌ವರ್ಕ್ ವಿಷಯದಲ್ಲಿ ನನ್ನ ತಿಳಿವಳಿಕೆ ತಂತಿ ಸಿಕ್ಕಿಸಿ ಕಾಯುವುದಕ್ಕಿಂತ ಮುಂದೆ ಹೋಗಿಲ್ಲ.

ರೂಟರ್ ಹಾಲ್‌ನಲ್ಲಿದೆ, ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿದೆ. ಗೋಡೆ ಕೊರೆಯಲು ಮನೆಯೊಡೆಯರು ಒಪ್ಪದ ಕಾರಣ ಸುಮಾರು ಹದಿನೆಂಟು ಮೀಟರ್ ಉದ್ದದ ಲ್ಯಾನ್ ಕೇಬಲ್ ಹಾಲ್‌ನ ಕಿಟಕಿಯಿಂದ ಹೊರಬಿದ್ದು, ಸಜ್ಜದ ಮೇಲೆ ಹಾದು, ಹಿಂದಿನ ಕೋಣೆಯ ಕಿಟಕಿಯಿಂದ ಒಳಗೆ ಬರುತ್ತದೆ. ಮೇ ತಿಂಗಳಿಡೀ ನಾನು ಧಾರವಾಡದಲ್ಲಿದ್ದೆ. ಆ ಅವಧಿಯಲ್ಲಿ ಇಂಟರ್ನೆಟ್ ಕೊಡುವವರು ಹಳೆಯ ರೂಟರ್ ತೆಗೆದು ಹೊಸದನ್ನು ಕೂರಿಸಿ ಹೋಗಿದ್ದಾರೆ. ಜೂನ್‌ನಲ್ಲಿ ಮರಳಿ ಬರುವ ಹೊತ್ತಿಗೆ ಮಳೆಯೂ ಹಿಡಿದಿತ್ತು, ತೊಂದರೆಯೂ ಶುರುವಾಗಿತ್ತು.

ಕೇಬಲ್ ಸಿಕ್ಕಿಸಿದರೆ ಪರದೆಯ ಮೂಲೆಯಲ್ಲಿ ಸಂಪರ್ಕವಾಗಿದೆ ಎಂದು ತೋರಿಸುತ್ತದೆ, ಆದರೆ ಯಾವ ಪುಟವೂ ತೆರೆಯುವುದಿಲ್ಲ. ವಿಚಿತ್ರವೆಂದರೆ ಆಗ ವೈಫೈ ಕೂಡ ಸಂಪರ್ಕದಲ್ಲಿದ್ದರೂ ಕೆಲಸ ಮಾಡುವುದಿಲ್ಲ. ಕೆಲವೊಮ್ಮೆ ಮಾತ್ರ ಒಂದೆರಡು ನಿಮಿಷ ತಾನಾಗಿಯೇ ಎಲ್ಲ ಸರಿಹೋಗಿ ಮತ್ತೆ ನಿಂತುಬಿಡುತ್ತದೆ. ಕೇಬಲ್ ಕಿತ್ತರೆ ವೈಫೈ ನಡೆಯುತ್ತದೆಯಾದರೂ ಸಂಜೆಯ ಹೊತ್ತು ತಂಗಿಯ ವೀಡಿಯೋ ಕರೆ ಹತ್ತು ನಿಮಿಷಕ್ಕೊಮ್ಮೆ ಗಕ್ಕನೆ ನಿಲ್ಲುತ್ತದೆ. ಫೋನ್‌ಗಳಲ್ಲಿ ಯಾವ ತೊಂದರೆಯೂ ಇಲ್ಲ. ದುರಸ್ತಿಗೆ ಬಂದ ಹುಡುಗ ಪರದೆಯನ್ನು ನೋಡಿ, ಲಿನಕ್ಸ್ ಆದರೆ ತಮ್ಮ ಜವಾಬ್ದಾರಿಯಲ್ಲ ಎಂದು ಮರಾಠಿಯಲ್ಲಿ ವಿನಯದಿಂದಲೇ ಹೇಳಿ ಹೊರಟುಹೋದ. ಪಕ್ಕದ ಮನೆಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ ಎನ್ನುತ್ತಾರೆ. ಅದಕ್ಕೆ ಮೊದಲು ನೋಡಬೇಕಾದದ್ದು ಏನಾದರೂ ಇದೆಯೇ?

ಮುಠಾ ದಂಡೆ, ಪುಣೆ:

ಇನ್‌ಸ್ಟಾಲ್ ಮಾಡಬೇಡಿ. ನೀವು ಬರೆದದ್ದರಲ್ಲೇ ಅರ್ಧ ಉತ್ತರವಿದೆ. ಫೋನ್‌ಗಳು ಸರಿಯಾಗಿವೆ ಎಂದರೆ ರೂಟರ್‌ನಿಂದ ಆಚೆಗಿನದನ್ನು ಸದ್ಯಕ್ಕೆ ಬಿಟ್ಟುಬಿಡಬಹುದು. ಕೇಬಲ್ ಸಿಕ್ಕಿಸಿದ ಕೂಡಲೇ ವೈಫೈ ನಿಲ್ಲುತ್ತದೆ ಎಂಬುದು ಇನ್ನೂ ಒಳ್ಳೆಯ ಸುಳಿವು, ಏಕೆಂದರೆ ಅಲ್ಲಿ ವೈಫೈ ಕೆಟ್ಟಿರುವುದಿಲ್ಲ. ಯಂತ್ರವು ಅದನ್ನು ಬಳಸುವುದನ್ನೇ ಬಿಟ್ಟಿರುತ್ತದೆ.

ಕಾರಣ ಇಷ್ಟು. ಡೆಬಿಯನ್‌ನ ಡೆಸ್ಕ್‌ಟಾಪ್‌ಗಳಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. ಹೊರಗೆ ಹೋಗಲು ಎರಡು ದಾರಿಗಳಿದ್ದಾಗ ಅದು ಪ್ರತಿ ದಾರಿಗೂ ಮೆಟ್ರಿಕ್ ಎಂಬ ಅಂಕಿಯೊಂದನ್ನು ಕೊಡುತ್ತದೆ. ಸಾಮಾನ್ಯವಾಗಿ ತಂತಿಗೆ 100, ವೈಫೈಗೆ 600. ಅಂಕಿ ಕಡಿಮೆಯಿದ್ದ ದಾರಿಗೇ ಮಣೆ. ಹೀಗಾಗಿ ತಂತಿಯ ಸಂಪರ್ಕ ಹೆಸರಿಗೆ ಮಾತ್ರ ಜೀವಂತವಾಗಿದ್ದರೂ ಎಲ್ಲ ಸಂಚಾರವೂ ಆ ಕುರುಡು ಗಲ್ಲಿಗೇ ನುಗ್ಗುತ್ತದೆ, ಪಕ್ಕದಲ್ಲಿ ವೈಫೈ ಹೆದ್ದಾರಿ ಖಾಲಿ ಬಿದ್ದಿರುತ್ತದೆ. ತಂತಿಯ ಸಂಪರ್ಕ ಕೆಲವು ಕ್ಷಣ ಪೂರ್ತಿ ಕಡಿದುಹೋದಾಗ ಆ ದಾರಿ ಅಳಿಸಿಹೋಗಿ ವೈಫೈ ಎದ್ದು ಕೂರುತ್ತದೆ. ನೀವು ಹೇಳಿದ ಆ ಒಂದೆರಡು ನಿಮಿಷದ ಪವಾಡ ಬಹುಶಃ ಇದೇ.

ನೋಡಬೇಕಾದ ಕ್ರಮವನ್ನು ಹೇಳುತ್ತೇನೆ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ತಂತಿಯಲ್ಲಿ ಜೀವವಿದೆಯೇ, ಆಮೇಲೆ ವಿಳಾಸ ಸಿಕ್ಕಿದೆಯೇ, ಆಮೇಲೆ ರೂಟರ್ ಓಗೊಡುತ್ತದೆಯೇ, ಆಮೇಲೆ ಹೊರಜಗತ್ತು, ಎಲ್ಲಕ್ಕಿಂತ ಕೊನೆಗೆ ಹೆಸರುಗಳನ್ನು ಅಂಕಿಗಳಾಗಿಸುವ ಡಿಎನ್‌ಎಸ್. ಬಹಳಷ್ಟು ಜನ ತಲೆಕೆಳಗಾಗಿ ಹೋಗುತ್ತಾರೆ. ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಆರಂಭಿಸಿ, ಡಿಎನ್‌ಎಸ್ ಬದಲಿಸಿ, ಎರಡು ದಿನ ಕಳೆದ ಮೇಲೆ ಪ್ಲಗ್ ಸಡಿಲವಿದ್ದದ್ದು ಕಾಣುತ್ತದೆ. ಈ ಊರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲೇ ಇರುವ ನಾನೂ ಒಮ್ಮೆ ಹಾಗೆ ಒಂದು ಭಾನುವಾರವನ್ನು ಕಳೆದುಕೊಂಡಿದ್ದೇನೆ.

ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಡಿ. ಕೇಬಲ್ ಸಿಕ್ಕಿಸಿಟ್ಟು ‘ಐಪಿ ಲಿಂಕ್’ ಎಂದರೆ ಪ್ರತಿಯೊಂದು ನೆಟ್‌ವರ್ಕ್ ಕಾರ್ಡಿನ ಹೆಸರು ಬರುತ್ತದೆ. ಇಎನ್ ಎಂದು ಆರಂಭವಾಗುವುದು ತಂತಿಯದು, ಡಬ್ಲ್ಯುಎಲ್ ಎಂದು ಆರಂಭವಾಗುವುದು ವೈಫೈಯದು. ತಂತಿಯ ಸಾಲಿನಲ್ಲಿ ‘ನೋ ಕ್ಯಾರಿಯರ್’, ಅಂದರೆ ತಂತಿಯಲ್ಲಿ ಜೀವವಿಲ್ಲ, ಎಂದಿದ್ದರೆ ಅಲ್ಲಿಗೇ ನಿಲ್ಲಿ, ಅದು ಸಾಫ್ಟ್‌ವೇರ್‌ನ ಮಾತಲ್ಲ. ಇಲ್ಲದಿದ್ದರೆ ‘ಐಪಿ ಅಡ್ರೆಸ್’ ಮತ್ತು ‘ಐಪಿ ರೂಟ್’ (ದಾರಿ ಎಂಬರ್ಥದ route) ಕೊಟ್ಟು, ಡೀಫಾಲ್ಟ್ ಎಂದು ಆರಂಭವಾಗುವ ಸಾಲುಗಳು ಎಷ್ಟಿವೆ, ಅವುಗಳಲ್ಲಿ ಯಾವ ವಿಳಾಸವಿದೆ ಎಂಬುದನ್ನು ಇಲ್ಲಿ ಬರೆಯಿರಿ. ಆ ವಿಳಾಸಕ್ಕೆ ಪಿಂಗ್ ಮಾಡಿದಾಗ, ಅಂದರೆ ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೂಗಿ ಕೇಳಿದಾಗ, ಬರುವ ಉತ್ತರವನ್ನೂ ಅಕ್ಷರ ಬಿಡದೆ ಬರೆಯಿರಿ. ಅಲ್ಲಿಯವರೆಗೆ ಏನನ್ನೂ ಬದಲಿಸಬೇಡಿ.

ಡೊಂಬಿವಲಿ ವಾಸಿ:

ಹೇಳಿದಂತೆ ಮಾಡಿದೆ. ಕ್ಯಾರಿಯರ್ ಇದೆ. ಡೀಫಾಲ್ಟ್ ಸಾಲುಗಳು ಎರಡಿವೆ. ಮೊದಲನೆಯದು ತಂತಿಯದು, 192.168.0.1 ಮೂಲಕ, ಮೆಟ್ರಿಕ್ 100. ಎರಡನೆಯದು ವೈಫೈಯದು, 192.168.1.1 ಮೂಲಕ, ಮೆಟ್ರಿಕ್ 600. ಮೊದಲನೆಯ ವಿಳಾಸಕ್ಕೆ ಪಿಂಗ್ ಮಾಡಿದರೆ ‘ಫ್ರಮ್ 192.168.0.10, ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದು ಸಾಲುಸಾಲಾಗಿ ಬರುತ್ತದೆ. ಎರಡನೆಯದಕ್ಕೆ ಪಿಂಗ್ ಮಾಡಿದರೆ ಮೂರು ನಾಲ್ಕು ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತದೆ. 0 ಮತ್ತು 1ರ ವ್ಯತ್ಯಾಸ ನನಗೂ ಕಣ್ಣಿಗೆ ಬಿತ್ತು, ಆದರೆ ಅದರ ಅರ್ಥವಾಗಲಿಲ್ಲ.

ಮುಠಾ ದಂಡೆ, ಪುಣೆ:

ಕಳ್ಳ ಸಿಕ್ಕಿದ, ಕನಿಷ್ಠ ಒಬ್ಬ ಕಳ್ಳ. ಆ ಪಿಂಗ್‌ನ ಉತ್ತರವನ್ನು ಇನ್ನೊಮ್ಮೆ ಓದಿ: ದೂರು ಕೊಡುತ್ತಿರುವುದು 192.168.0.10, ಅಂದರೆ ನಿಮ್ಮದೇ ಕಂಪ್ಯೂಟರ್. ಈ ತಂತಿಯ ಮೇಲೆ 192.168.0.1 ಯಾರಪ್ಪಾ ಎಂದು ಅದು ಕೂಗಿ ಕೇಳಿದೆ, ಯಾರೂ ಓಗೊಟ್ಟಿಲ್ಲ. ನಿಮ್ಮ ಹಳೆಯ ರೂಟರ್‌ನ ವಿಳಾಸ ಅದಾಗಿತ್ತು. ಹೊಸ ರೂಟರ್ 192.168.1.1ರಲ್ಲಿ ಕುಳಿತಿದೆ. ತಂತಿಯ ಸಂಪರ್ಕಕ್ಕೆ ನೀವು ಹಿಂದೆಂದೋ ಕೈಯಾರೆ ವಿಳಾಸ ತುಂಬಿದ್ದಿರಬೇಕು. ಹಾಗೆ ತುಂಬಿದ ವಿಳಾಸವನ್ನು ನೆಟ್‌ವರ್ಕ್‌ಮ್ಯಾನೇಜರ್ ಯಾರನ್ನೂ ಕೇಳದೆ ಒಪ್ಪಿಕೊಂಡು ಸಂಪರ್ಕವಾಗಿದೆ ಎಂದು ಘೋಷಿಸುತ್ತದೆ. ವೈಫೈ ಮಾತ್ರ, ವಿಳಾಸ ಹಂಚುವ ರೂಟರ್‌ನ ಡಿಎಚ್‌ಸಿಪಿ ವ್ಯವಸ್ಥೆಯಿಂದ ತಾನಾಗಿಯೇ ಹೊಸ ವಿಳಾಸ ಪಡೆದಿದೆ, ಫೋನ್‌ಗಳೂ ಅಷ್ಟೆ.

ಸೆಟ್ಟಿಂಗ್ಸ್‌ನಲ್ಲಿ ತಂತಿಯ ಸಂಪರ್ಕದ ಗಾಲಿಯ ಗುರುತನ್ನು ಒತ್ತಿ, ಐಪಿವಿ4 ಪುಟದಲ್ಲಿ ‘ಮ್ಯಾನ್ಯುಅಲ್’ ಎಂದಿರುವುದನ್ನು ‘ಆಟೊಮ್ಯಾಟಿಕ್’ ಮಾಡಿ, ಅದೇ ಪುಟದಲ್ಲಿ ಡಿಎನ್‌ಎಸ್‌ಗೆ ತುಂಬಿದ ಅಂಕಿಗಳಿದ್ದರೆ ಅವನ್ನೂ ಅಳಿಸಿ, ಸಂಪರ್ಕವನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿರಿ.

ಠಾಣೆಯ ಕೆರೆ ದಂಡೆ:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕರ್ನೆಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದ ಮೇಲೆ ವೈಫೈ ಎಂಬ ಪದವೇ ಮೆನುವಿನಿಂದ ಮಾಯವಾಗಿದೆ. ‘ಐಪಿ ಲಿಂಕ್’ನಲ್ಲಿ ಡಬ್ಲ್ಯುಎಲ್ ಸಾಲೇ ಇಲ್ಲ. ‘ಎಲ್‌ಎಸ್‌ಪಿಸಿಐ’ ಕೊಟ್ಟರೆ ಬ್ರಾಡ್‌ಕಾಮ್ ಬಿಸಿಎಂ43142 ಎಂದು ತೋರಿಸುತ್ತದೆ. ಇದೂ ವಿಳಾಸದ ತೊಂದರೆಯೇ?

ಮುಠಾ ದಂಡೆ, ಪುಣೆ:

ಅಲ್ಲ, ನಿಮ್ಮದು ಅದಕ್ಕಿಂತ ಕೆಳಗಿನ ಮೆಟ್ಟಿಲು. ಕಾರ್ಡು ಇದೆ, ಅದನ್ನು ಮಾತನಾಡಿಸುವ ಡ್ರೈವರ್ ಇಲ್ಲ. ಆ ಬ್ರಾಡ್‌ಕಾಮ್ ಕಾರ್ಡಿಗೆ ಬೇಕಾದ ಡ್ರೈವರ್ ಕರ್ನೆಲ್‌ನೊಂದಿಗೆ ಬರುವುದಿಲ್ಲ. ಡೆಬಿಯನ್‌ನ ನಾನ್‌ಫ್ರೀ (ಮುಕ್ತವಲ್ಲದ ಸಾಫ್ಟ್‌ವೇರ್‌ನ) ವಿಭಾಗದ ‘ಬ್ರಾಡ್‌ಕಾಮ್ ಎಸ್‌ಟಿಎ ಡಿಕೆಎಂಎಸ್’ ಪ್ಯಾಕೇಜು ಪ್ರತಿ ಹೊಸ ಕರ್ನೆಲ್‌ಗೂ ಅದನ್ನು ಹೊಸದಾಗಿ ಕಟ್ಟಬೇಕು, ಕಟ್ಟಲು ಅದೇ ಆವೃತ್ತಿಯ ಹೆಡರ್ ಕಡತಗಳು ಬೇಕು. ಅವು ಇಲ್ಲದಿದ್ದಾಗ ಅಪ್‌ಡೇಟ್ ಸದ್ದಿಲ್ಲದೆ ಮುಗಿಯುತ್ತದೆ, ವೈಫೈ ಮಾತ್ರ ಇರುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಹಚ್ಚಿದರೆ ಲಿನಕ್ಸ್ ಅದನ್ನು ತಂತಿಯ ಕಾರ್ಡಿನಂತೆ ಗುರುತಿಸುತ್ತದೆ. ಆ ಇಂಟರ್ನೆಟ್‌ನಲ್ಲಿ ‘ಲಿನಕ್ಸ್ ಹೆಡರ್ಸ್ ಎಎಂಡಿ64’ ಮತ್ತು ಮೇಲಿನ ಪ್ಯಾಕೇಜನ್ನು ಹಾಕಿಕೊಂಡು ಮರುಪ್ರಾರಂಭಿಸಿ. ಸೆಕ್ಯೂರ್ ಬೂಟ್ ಹಚ್ಚಿಟ್ಟಿದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನೆಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದನ್ನೂ ಗಮನಿಸಿ. ಇನ್ನೂ ಪ್ರಶ್ನೆಯಿದ್ದರೆ ಬೇರೆಯಾಗಿ ಕೇಳಿ, ಡೊಂಬಿವಲಿಯವರ ಎಳೆ ತಪ್ಪಿಹೋಗುತ್ತದೆ.

ಡೊಂಬಿವಲಿ ವಾಸಿ:

ನೀವು ಹೇಳಿದ್ದು ನಿಜ. ಮೂರು ವರ್ಷಗಳ ಹಿಂದೆ ಪ್ರಿಂಟರ್ ಜೋಡಿಸುವಾಗ ಯಾವುದೋ ಲೇಖನ ನೋಡಿ, ಆಗ ಇದ್ದ ಹಳೆಯ ಆವೃತ್ತಿಯಲ್ಲೇ, 192.168.0.10 ಎಂದು ತುಂಬಿದ್ದೆ. ಅಪ್‌ಗ್ರೇಡ್ ಆದರೂ ಅದು ಹಾಗೆಯೇ ಉಳಿದಿದೆ. ಆಟೊಮ್ಯಾಟಿಕ್ ಮಾಡಿದೆ. ಈಗ ಬೇರೆಯ ಆಟ: ಮುಕ್ಕಾಲು ನಿಮಿಷ ಗಿರಗಿರ ತಿರುಗಿ ಸಂಪರ್ಕ ವಿಫಲ ಎನ್ನುತ್ತದೆ. ನಾಲ್ಕು ಬಾರಿ ಪ್ರಯತ್ನಿಸಿದರೆ ಒಮ್ಮೆ ವಿಳಾಸ ಸಿಗುತ್ತದೆ. ಸಿಕ್ಕಾಗ ಪುಟಗಳು ತೆರೆಯುತ್ತವೆ, ಆದರೆ ಚಿತ್ರಗಳು ಅರ್ಧಕ್ಕೆ ನಿಲ್ಲುತ್ತವೆ. ಒಂದು ಲಾಭವಾಗಿದೆ, ತಂತಿ ವಿಫಲವಾದಾಗ ವೈಫೈ ಈಗ ನಿಲ್ಲುವುದಿಲ್ಲ.

ಮುಠಾ ದಂಡೆ, ಪುಣೆ:

ಹಾಗಾದರೆ ಎರಡನೆಯ ಕಳ್ಳ ತಂತಿಯೊಳಗಿದ್ದಾನೆ. ಮುಕ್ಕಾಲು ನಿಮಿಷ ಎಂದಿರಿ. ಡಿಎಚ್‌ಸಿಪಿ ಉತ್ತರಕ್ಕಾಗಿ ನೆಟ್‌ವರ್ಕ್‌ಮ್ಯಾನೇಜರ್ ಕಾಯುವುದು 45 ಸೆಕೆಂಡು, ಲೆಕ್ಕ ಸರಿಯಾಗಿದೆ. ವೈಫೈ ಇರುವಾಗ ‘ಎತ್‌ಟೂಲ್’ ಎಂಬ ಸಣ್ಣ ಪ್ಯಾಕೇಜನ್ನು ಹಾಕಿಕೊಂಡು, ರೂಟ್ (ಆಡಳಿತಗಾರನ) ಅಧಿಕಾರದಿಂದ, ತಂತಿಯ ಕಾರ್ಡಿನ ಹೆಸರಿನೊಂದಿಗೆ ಅದನ್ನು ಓಡಿಸಿ. ಅದರಲ್ಲಿ ಮೂರು ವಿಷಯ ನೋಡಿ: ನಿಮ್ಮ ಕಾರ್ಡು ಹೇಳಿಕೊಳ್ಳುವ ವೇಗಗಳು, ‘ಲಿಂಕ್ ಪಾರ್ಟ್ನರ್’ ಅಂದರೆ ರೂಟರ್ ಹೇಳಿಕೊಳ್ಳುವ ವೇಗಗಳು, ಕೊನೆಗೆ ನಿಜವಾಗಿ ಸಿಕ್ಕಿರುವ ವೇಗ. ಎರಡೂ ಕಡೆಯವರು 1000 ಎಂದು ಹೇಳಿಕೊಂಡು, ಸಿಕ್ಕಿರುವುದು 100 ಅಥವಾ 10 ಆಗಿದ್ದರೆ ತಪ್ಪು ಹೆಚ್ಚುಕಡಿಮೆ ನಡುವಿನ ತಾಮ್ರದ್ದೇ. 100 ಮೆಗಾಬಿಟ್‌ಗೆ ಎರಡು ಜೋಡಿ ಎಳೆಗಳು ಸಾಕು, ಗಿಗಾಬಿಟ್‌ಗೆ, ಅಂದರೆ ಆ 1000ಕ್ಕೆ, ನಾಲ್ಕೂ ಜೋಡಿ ಬೇಕು. ಒಂದು ಎಳೆ ಕೆಟ್ಟರೂ ಅನೇಕ ಕಾರ್ಡುಗಳು ಕೆಲವು ಬಾರಿ ಪ್ರಯತ್ನಿಸಿ, ಸೋತು, ಕೆಳಗಿನ ವೇಗಕ್ಕೆ ಇಳಿಯುತ್ತವೆ. ಜೊತೆಗೆ ‘ಐಪಿ ಮೈನಸ್ ಎಸ್ ಲಿಂಕ್’ ಕೊಟ್ಟು ಎರರ್ಸ್ ಅಂಕಣದ ಅಂಕಿ ಏರುತ್ತಿದೆಯೇ ನೋಡಿ, ಕರ್ನೆಲ್‌ನ ದಿನಚರಿ ತೋರಿಸುವ ‘ಡಿಮೆಸ್ಜಿ’ಯಲ್ಲಿ (dmesg) ಲಿಂಕ್ ಡೌನ್, ಲಿಂಕ್ ಅಪ್ ಎಂಬ ಸಾಲುಗಳು ಎಷ್ಟಿವೆ ಎಣಿಸಿ.

ಡೊಂಬಿವಲಿ ವಾಸಿ:

ಎರಡೂ ಕಡೆ 1000 ಇದೆ, ಸಿಕ್ಕಿರುವುದು 100. ಒಮ್ಮೆ 10 ಕೂಡ ಕಂಡಿತು. ಎರರ್ಸ್ ಅಂಕಿ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಇನ್ನೂರು ಏರಿತ್ತು. ಬೆಳಿಗ್ಗೆಯಿಂದ ಲಿಂಕ್ ಡೌನ್ ಮೂವತ್ತೊಂದು ಬಾರಿ ಆಗಿದೆ, ಜೋರು ಮಳೆ ಬಂದ ಹೊತ್ತಿನಲ್ಲೇ ಹೆಚ್ಚು. ಕೇಬಲ್ ಪೂರ್ತಿ ಬದಲಿಸಬೇಕೇ, ಅಥವಾ ತುದಿ ಮಾತ್ರವೇ?

ಜುವಾರಿ ತೀರ, ಗೋವಾ:

ಈ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಕಾರವಾರದಿಂದ ಬಂದು ವಾಸ್ಕೋದಲ್ಲಿ ಹದಿನಾಲ್ಕು ವರ್ಷಗಳಿಂದ ಇದೇ ದುರಸ್ತಿ ಮಾಡಿಕೊಂಡಿದ್ದೇನೆ, ಮಳೆಗಾಲದ ನಾಲ್ಕು ತಿಂಗಳು ನನ್ನ ಅರ್ಧ ಸಂಪಾದನೆ ಇಂಥ ತುದಿಗಳದ್ದೇ.

ಏನನ್ನೂ ಕತ್ತರಿಸುವ ಮೊದಲು ಒಂದು ಕೆಲಸ ಮಾಡಿ. ಕಂಪ್ಯೂಟರ್ ಪೆಟ್ಟಿಗೆಯನ್ನು ಹಾಲ್‌ಗೆ ಹೊತ್ತು ತಂದು, ರೂಟರ್‌ನೊಂದಿಗೆ ಬಂದ ಗಿಡ್ಡ ಕೇಬಲ್‌ನಿಂದ ನೇರವಾಗಿ ಜೋಡಿಸಿ. ವೇಗ 1000 ಬಂದು ಎರರ್ಸ್ ಸೊನ್ನೆಯಲ್ಲೇ ನಿಂತರೆ ಕಾರ್ಡು, ಡ್ರೈವರು, ರೂಟರ್‌ನ ಪೋರ್ಟು ಮೂರೂ ನಿರ್ದೋಷಿಗಳು. ಬೆನ್ನು ನೋಯುತ್ತದೆ ಎಂದು ಈ ಪರೀಕ್ಷೆಯನ್ನು ಬಿಟ್ಟವರು ಹೊಸ ಕಾರ್ಡು ಕೊಂಡದ್ದನ್ನು ನೋಡಿದ್ದೇನೆ. ಹೊರಗೆ ಹಾದುಹೋಗುವ ತಾಮ್ರದ ತಂತಿಯಿಂದ ಸಿಡಿಲಿನ ಹೊತ್ತು ಪೋರ್ಟು ಸುಡುವುದೂ ಉಂಟು, ಆದ್ದರಿಂದ ಇದು ತೋರಿಕೆಯ ಪರೀಕ್ಷೆಯಲ್ಲ. ಗುಡುಗಿದಾಗ ಕೇಬಲ್ ಕಿತ್ತಿಡುವ ಅಭ್ಯಾಸವೂ ಇರಲಿ.

ಆಮೇಲೆ ಪ್ಲಗ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಆರ್‌ಜೆ45 ಪ್ಲಗ್‌ನ ಎಂಟು ಹಲ್ಲುಗಳು ಹಳದಿಯಾಗಿ ಹೊಳೆಯಬೇಕು. ಅವು ಮಂಕಾಗಿದ್ದರೆ, ಅಥವಾ ಪಾರದರ್ಶಕ ಪ್ಲಾಸ್ಟಿಕ್‌ನೊಳಗೆ ಹಸಿರು ಪುಡಿ ಕಂಡರೆ, ನೀರು ಒಳಗೆ ಇಳಿದಿದೆ ಎಂದೇ ತಿಳಿಯಿರಿ. ನೀರು ಪ್ಲಗ್‌ಗೆ ಹೊರಗಿನಿಂದಲೇ ಬರಬೇಕೆಂದಿಲ್ಲ. ಬಿಸಿಲಿಗೆ ಸಜ್ಜದ ಮೇಲೆ ಮೇಲುಹೊದಿಕೆ ಬಿರುಕು ಬಿಟ್ಟರೆ ಅಲ್ಲಿ ಹೊಕ್ಕ ನೀರು ಎಳೆಗಳ ನಡುವೆಯೇ ಹರಿದು ತುದಿಯವರೆಗೆ ಬರುತ್ತದೆ. ತುದಿಯಿಂದ ಒಂದಡಿ ಕತ್ತರಿಸಿ ನೋಡಿ. ಒಳಗಿನ ತಾಮ್ರ ಹೊಸ ಪೈಸೆಯಂತೆ ಕೆಂಪಗಿದ್ದರೆ ಹೊಸ ಪ್ಲಗ್ ಸಾಕು. ಕಪ್ಪಾಗಿದ್ದರೆ ಇನ್ನೊಂದಡಿ ಕತ್ತರಿಸುವುದರಲ್ಲಿ ಅರ್ಥವಿಲ್ಲ, ಕೇಬಲ್ ಎಸೆಯಿರಿ. ಎಳೆಯನ್ನು ಉಗುರಿನಿಂದ ಕೆರೆದಾಗ ಬೆಳ್ಳಗಾದರೆ ಅದು ತಾಮ್ರವೇ ಅಲ್ಲ, ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಅದು ಬೇಗ ಮುರಿಯುತ್ತದೆ, ಬೇಗ ಕೊಳೆಯುತ್ತದೆ, ಅಗ್ಗವೆಂದು ಎಲ್ಲ ಕಡೆ ಸಿಗುತ್ತದೆ.

ಪ್ಲಗ್ ಹಾಕುವಾಗ ಎರಡೂ ತುದಿಗಳಲ್ಲಿ ಒಂದೇ ಕ್ರಮವಿರಲಿ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಮೂರನೆಯ ಮತ್ತು ಆರನೆಯ ಸ್ಥಾನಕ್ಕೆ ಹಸಿರು ಜೋಡಿ ಬಿಡಿಸಿಕೊಂಡು ಹೋಗುತ್ತದೆ, ನೀಲಿ ಜೋಡಿ ಅದರ ನಡುವೆ ಕೂರುತ್ತದೆ. ಹೊಸಬರು ಬಣ್ಣಗಳನ್ನು ಅಂದವಾಗಿ ಜೋಡಿ ಜೋಡಿಯಾಗಿ ಇಟ್ಟು ತಪ್ಪುವುದು ಇಲ್ಲೇ. ಹಾಗೆ ಮಾಡಿದ ಕೇಬಲ್ ಪರೀಕ್ಷಕದ ದೀಪಗಳಲ್ಲಿ ಸರಿಯೆಂದೇ ತೋರುತ್ತದೆ, ಉದ್ದ ಹೆಚ್ಚಿದಂತೆ ಸಂಚಾರದಲ್ಲಿ ಕೆಡುತ್ತದೆ. ಕೊನೆಯದಾಗಿ, ಕಿಟಕಿಯೊಳಗೆ ನುಗ್ಗುವ ಮೊದಲು ಕೇಬಲ್ ಒಂದು ಗೇಣು ಕೆಳಗೆ ಜೋತುಬಿದ್ದು ಮೇಲೇರಿ ಬರಲಿ, ಆಗ ಮಳೆನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ನೀರಿಗೆ ದಾರಿ ತೋರಿಸದಿದ್ದರೆ ಅದು ನೇರವಾಗಿ ಪ್ಲಗ್‌ಗೇ ಬರುತ್ತದೆ.

ಡೊಂಬಿವಲಿ ವಾಸಿ:

ಪೆಟ್ಟಿಗೆ ಹೊತ್ತು ತಂದೆ. ಗಿಡ್ಡ ಕೇಬಲ್‌ನಲ್ಲಿ ತಕ್ಷಣ 1000, ವಿಳಾಸ ಎರಡೇ ಸೆಕೆಂಡಿನಲ್ಲಿ, ಎರರ್ಸ್ ಸೊನ್ನೆ. ಹಿಂದಿನ ಕೋಣೆಯ ತುದಿಯನ್ನು ಕತ್ತರಿಸಿದಾಗ ಎಳೆಗಳು ಕಪ್ಪಾಗಿದ್ದವು. ಕೆರೆದು ನೋಡಿದೆ, ಬೆಳ್ಳಗಾಯಿತು! ಲ್ಯಾಮಿಂಗ್ಟನ್ ರಸ್ತೆಯಿಂದ ಹೊರಾಂಗಣಕ್ಕೆಂದೇ ಮಾಡಿದ, ಅಪ್ಪಟ ತಾಮ್ರದ ಕ್ಯಾಟ್6 ಕೇಬಲ್ ಇಪ್ಪತ್ತು ಮೀಟರ್ ತರುತ್ತೇನೆ. ಅದು ಬರುವವರೆಗೆ ವೈಫೈಯೇ ಗತಿ, ಸಂಜೆಯ ಕರೆಗೆ ಏನಾದರೂ ಮಾಡಬಹುದೇ?

ಮುಠಾ ದಂಡೆ, ಪುಣೆ:

ಒಂದು ಕ್ಷಣ ಯೋಚಿಸಿ: ನೀವು ಪಕ್ಕದ ಮನೆಯವರ ಮಾತು ಕೇಳಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ ಆ ಹಳೆಯ ವಿಳಾಸ ಅಳಿಸಿಹೋಗಿ, ಅರ್ಧ ಗುಣ ಕಂಡು, ಉಳಿದರ್ಧಕ್ಕೆ ಡೆಬಿಯನ್ ಅನ್ನೇ ಬೈಯುತ್ತ ಕೂರುತ್ತಿದ್ದಿರಿ.

ವೈಫೈಗೆ ಬರೋಣ. ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್’ ಕೊಟ್ಟರೆ ಸುತ್ತಲಿನ ಎಲ್ಲ ಜಾಲಗಳೂ ಚಾನೆಲ್ ಮತ್ತು ಸಿಗ್ನಲ್ ಸಮೇತ ಬರುತ್ತವೆ. ಡೊಂಬಿವಲಿಯ ಕಟ್ಟಡಗಳಲ್ಲಿ ಪಟ್ಟಿ ಉದ್ದವೇ ಇರುತ್ತದೆ. ವೈಫೈಯ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ, ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಇವು ಲೋಕಲ್ ರೈಲಿನಂತೆ ತುಂಬುತ್ತವೆ. ನಿಮ್ಮ ಕಾರ್ಡಿಗೆ 5 ಗಿಗಾಹರ್ಟ್ಸ್ ಬರುವುದಾದರೆ ಅದಕ್ಕೇ ಹೋಗಿ. ಬಾರದಿದ್ದರೆ ಮೂರರಲ್ಲಿ ಕಡಿಮೆ ಜನಸಂದಣಿಯ ಚಾನೆಲನ್ನು ರೂಟರ್‌ನಲ್ಲಿ ನಿಗದಿಪಡಿಸಿ. ಜಾಣತನವೆಂದು 3 ಅಥವಾ 9ನ್ನು ಆರಿಸಿದರೆ ಎರಡೂ ಬದಿಯವರ ಗದ್ದಲ ನಿಮ್ಮ ಪಾಲಿಗೆ ಬರುತ್ತದೆ. ಭಾರತದಲ್ಲಿ 12 ಮತ್ತು 13 ಕೂಡ ಅನುಮತಿಯಿರುವ ಚಾನೆಲ್‌ಗಳೇ, ಆದರೆ ಕಾರ್ಡಿನ ದೇಶದ ಗುರುತು ಅಮೆರಿಕದ್ದಾಗಿದ್ದರೆ ಆ ಜಾಲ ಪಟ್ಟಿಯಲ್ಲೇ ಕಾಣುವುದಿಲ್ಲ. ಫೋನ್‌ಗೆ ಕಂಡು ಲಿನಕ್ಸ್‌ಗೆ ಕಾಣದ ವೈಫೈ ಎಂಬ ದೂರಿಗೆ ಇದು ಒಂದು ಕಾರಣ.

ಕರೆಯ ನಡುವೆ ಗಕ್ಕನೆ ನಿಲ್ಲುವುದಕ್ಕೆ ವಿದ್ಯುತ್ ಉಳಿತಾಯವೂ ಕಾರಣವಿರಬಹುದು. ಕೆಲವು ಕಾರ್ಡುಗಳು ತೂಕಡಿಸಿ ಬೇಗ ಏಳುವುದಿಲ್ಲ. ‘ಐಡಬ್ಲ್ಯು’ ಪ್ಯಾಕೇಜಿನಿಂದ ಆ ಉಳಿತಾಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಒಂದು ಸಂಜೆ ನೋಡಿ. ಗುಣ ಕಂಡರೆ ಆ ವೈಫೈ ಸಂಪರ್ಕದ ‘ಪವರ್‌ಸೇವ್’ ಮೌಲ್ಯವನ್ನು ಎನ್‌ಎಂಸಿಎಲ್‌ಐ ಮೂಲಕ 2 ಮಾಡಿ, ಅಲ್ಲಿ 2 ಎಂದರೆ ಉಳಿತಾಯ ಬೇಡ ಎಂದರ್ಥ. ಚಾನೆಲ್ ಮತ್ತು ಇದು, ಎರಡನ್ನೂ ಒಂದೇ ಸಂಜೆ ಬದಲಿಸಬೇಡಿ. ಆಮೇಲೆ ಯಾವುದರಿಂದ ಗುಣವಾಯಿತೆಂದು ನಿಮಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

ಡೊಂಬಿವಲಿ ವಾಸಿ:

ಐದು ದಿನಗಳ ವರದಿ. ಪಟ್ಟಿಯಲ್ಲಿ ಇಪ್ಪತ್ತಮೂರು ಜಾಲಗಳಿದ್ದವು, ಹದಿಮೂರು 6ರಲ್ಲಿ, ನಮ್ಮದೂ ಅಲ್ಲೇ. ನನ್ನ ಕಾರ್ಡಿಗೆ 5 ಗಿಗಾಹರ್ಟ್ಸ್ ಇಲ್ಲ. ಮೊದಲ ಸಂಜೆ ಚಾನೆಲ್ 1ಕ್ಕೆ ಬದಲಿಸಿದೆ, ಕರೆ ನಿಲ್ಲುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎರಡನೆಯ ಸಂಜೆ ವಿದ್ಯುತ್ ಉಳಿತಾಯ ನಿಲ್ಲಿಸಿದೆ, ತಂಗಿಯೊಂದಿಗೆ ಮುಕ್ಕಾಲು ಗಂಟೆ ಎಡೆಬಿಡದೆ ಮಾತಾಯಿತು.

ಶನಿವಾರ ಹೊಸ ಕೇಬಲ್ ಎಳೆದು, ಕಿಟಕಿಯ ಹೊರಗೆ ಜೋಲು ಬಿಟ್ಟಿದ್ದೇನೆ. ನಿನ್ನೆಯ ಜೋರು ಮಳೆಯಲ್ಲಿ ನೀರು ಅಲ್ಲೇ ತೊಟ್ಟಿಕ್ಕುತ್ತಿರುವುದನ್ನು ನಿಂತು ನೋಡಿದೆ. ವೇಗ 1000, ಲಿಂಕ್ ಡೌನ್ ಒಂದೂ ಇಲ್ಲ. ಪ್ರಿಂಟರ್ ಮಾತ್ರ ಸಿಗುತ್ತಿಲ್ಲ. ಅದಕ್ಕೂ ನಾನು ಮೂರು ವರ್ಷಗಳ ಹಿಂದೆ ಕೈಯಾರೆ 192.168.0.20 ಎಂದು ತುಂಬಿದ್ದೆ ಎಂಬುದು ಈಗ ನೆನಪಾಗುತ್ತಿದೆ.

ಮುಠಾ ದಂಡೆ, ಪುಣೆ:

ಅದನ್ನೂ ಆಟೊಮ್ಯಾಟಿಕ್ ಮಾಡಿ, ಅದರ ಮ್ಯಾಕ್ ವಿಳಾಸವನ್ನು (ಯಂತ್ರದೊಂದಿಗೇ ಬರುವ ಗುರುತಿನ ಸಂಖ್ಯೆ) ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಬರೆದು, ಅಲ್ಲಿಂದಲೇ ಒಂದು ಸ್ಥಿರ ವಿಳಾಸವನ್ನು ಕಾದಿರಿಸಿ. ಮುಂದೆ ರೂಟರ್ ಬದಲಾದಾಗ ಆ ಒಂದು ಪುಟವನ್ನು ಮಾತ್ರ ಮತ್ತೆ ತುಂಬಿದರಾಯಿತು.